/ಟಿಎಂಪಿ ರ‍್ಯಾಮ್‌ನಲ್ಲಿ ಕೂತಾಗ: ವಾರಸುದಾರರಿಲ್ಲದ ಮೆಮೊರಿಯ ಲೆಕ್ಕ

ಡೆಬಿಯನ್ ಅನ್ನುವ ಲಿನಕ್ಸ್‌ನ 13ನೇ ಆವೃತ್ತಿ ಹೊರಬಂದಿದ್ದು 2025ರ ಆಗಸ್ಟ್‌ನಲ್ಲಿ. ಹಳೆಯ ಸರ್ವರನ್ನು ಅದಕ್ಕೆ ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟರೆ, ಪ್ರೋಗ್ರಾಮುಗಳು ತಾತ್ಕಾಲಿಕ ಫೈಲುಗಳನ್ನು ಇಡುವ /ಟಿಎಂಪಿ ಡೈರೆಕ್ಟರಿ ಡಿಸ್ಕ್‌ನಿಂದ ಎದ್ದು ಮೆಮೊರಿಗೆ ಹೋಗಿ ಕೂತಿರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು, ಅಂತ ಹೇಳುವ ಫೈಲು) ಅದಕ್ಕೇ ಅಂತ ಬೇರೆ ಪಾರ್ಟಿಶನ್ ಬರೆದಿಟ್ಟಿದ್ದರೆ ಮಾತ್ರ ಮೊದಲಿನಂತೆ ಉಳಿಯುತ್ತದೆ. 32 ಜಿಬಿ ರ‍್ಯಾಮ್ ಇರುವ ಮಷೀನಿನಲ್ಲಿ ಇದು ಗೊತ್ತೇ ಆಗದೆ ಹೋಗಬಹುದು. 2 ಜಿಬಿಯ ಚಿಕ್ಕ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಇಟ್ಟುಕೊಂಡು ಅದರಲ್ಲೇ ವೆಬ್‌ಸೈಟು, ಡೇಟಾಬೇಸು, ರಾತ್ರಿಯ ಬ್ಯಾಕಪ್ಪು ಎಲ್ಲ ನಡೆಸುವವರಿಗೆ ಮಾತ್ರ ಬೇಗ ಗೊತ್ತಾಗುತ್ತದೆ.

ಇದೇನೂ ಹೊಸ ವಿದ್ಯೆ ಅಲ್ಲ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ 2013ರ ಶುರುವಿನಲ್ಲಿ ಬಂದ 18ನೇ ಆವೃತ್ತಿಯಲ್ಲೇ ಇದನ್ನು ಮಾಡಿತ್ತು. ಸನ್ ಕಂಪನಿಯ ಯುನಿಕ್ಸ್ ಆದ ಸೋಲಾರಿಸ್ ಅಂತೂ 1992ರಿಂದಲೇ. ಹೀಗೆ ಮೆಮೊರಿಯಲ್ಲೇ ಫೈಲುಗಳನ್ನು ಇಡುವ ಫೈಲ್ ಸಿಸ್ಟಮ್‌ನ ಹೆಸರು ಟಿಎಂಪಿಎಫ್‌ಎಸ್, ಹುಟ್ಟಿದ್ದು ಸನ್ ಕಂಪನಿಯ ಸನ್‌ಓಎಸ್‌ನಲ್ಲಿ, 80ರ ದಶಕದ ಕೊನೆಗೆ. ಲಿನಕ್ಸ್‌ಗೆ ಬಂದಿದ್ದು 2.4 ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ, 2001ರಲ್ಲಿ. ಇವತ್ತು ನೀವು ಯಾವ ಲಿನಕ್ಸ್ ಸರ್ವರಿಗೆ ಲಾಗಿನ್ ಆದರೂ /ರನ್, /ಡೆವ್/ಎಸ್‌ಎಚ್‌ಎಂ ಇವೆರಡೂ ಬಹುತೇಕ ಟಿಎಂಪಿಎಫ್‌ಎಸ್ಸೇ ಆಗಿರುತ್ತವೆ. /ಟಿಎಂಪಿ ಒಂದೇ ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ.

(ಕಮಾಂಡುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಳ್ಳಿ.)

ಮೊದಲು ಒಂದು ತಪ್ಪು ತಿಳಿವಳಿಕೆ ದಾಟಿಬಿಡೋಣ. "4 ಜಿಬಿ ಟಿಎಂಪಿಎಫ್‌ಎಸ್ ಮೌಂಟ್ ಮಾಡಿದರೆ 4 ಜಿಬಿ ರ‍್ಯಾಮ್ ಹೋಯ್ತು" ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಖಾಲಿ ಟಿಎಂಪಿಎಫ್‌ಎಸ್ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ. ಫೈಲ್ ಬರೆದಾಗ 4 ಕೆಬಿಯ ಒಂದೊಂದೇ ಪುಟವನ್ನು ಕರ್ನಲ್‌ನಿಂದ ಪಡೆಯುತ್ತದೆ, ಫೈಲ್ ಅಳಿಸಿದಾಗ ವಾಪಸ್ ಕೊಡುತ್ತದೆ. ಹಳೆಯ ಕಾಲದ ರ‍್ಯಾಮ್‌ಡಿಸ್ಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಮೆಮೊರಿಯೊಳಗೆ ಒಂದು ಸುಳ್ಳು ಡಿಸ್ಕ್ ಕಟ್ಟಿ, ಅದರ ಮೇಲೆ ಇನ್ನೊಂದು ಫೈಲ್ ಸಿಸ್ಟಮ್ ಹಾಕಬೇಕಿತ್ತು. ಇಲ್ಲಿ ಕರ್ನಲ್‌ನ ಪೇಜ್ ಕ್ಯಾಶೇ (ಫೈಲುಗಳ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಫೈಲ್ ಸಿಸ್ಟಮ್. ಹಿಂದೆ ಡಿಸ್ಕ್ ಅನ್ನುವುದು ಇಲ್ಲವೇ ಇಲ್ಲ, ಅಷ್ಟೇ.

ಹಿಂದೆ ಡಿಸ್ಕ್ ಇಲ್ಲ ಅನ್ನುವುದರಲ್ಲೇ ತಲೆನೋವೂ ಇದೆ. ಸಾಮಾನ್ಯ ಫೈಲಿನ ಕ್ಯಾಶ್ ಆದರೆ ಮೆಮೊರಿ ಬಿಗಿಯಾದಾಗ ಕರ್ನಲ್ ಅದನ್ನು ಎಸೆದುಬಿಡಬಹುದು, ಬೇಕಾದರೆ ಮತ್ತೆ ಡಿಸ್ಕ್‌ನಿಂದ ಓದಿಕೊಳ್ಳಬಹುದು. ಟಿಎಂಪಿಎಫ್‌ಎಸ್‌ನ ಪುಟವನ್ನು ಎಸೆಯುವ ಹಾಗಿಲ್ಲ, ಎಸೆದರೆ ಫೈಲೇ ಹೋಯಿತು. ಸ್ವಾಪ್ (ಮೆಮೊರಿ ಸಾಲದಾಗ ಪುಟಗಳನ್ನು ಇಳಿಸಲು ಡಿಸ್ಕ್‌ನಲ್ಲಿಟ್ಟ ಜಾಗ) ಇದ್ದರೆ ಅಲ್ಲಿಗೆ ತಳ್ಳಬಹುದು. ಸ್ವಾಪ್ ಇಲ್ಲದಿದ್ದರೆ ಅದು ರ‍್ಯಾಮ್‌ನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಯಾರಾದರೂ ಅಳಿಸುವ ತನಕ. ಕ್ಲೌಡ್‌ನಲ್ಲಿ ಕೊಡುವ ಎಷ್ಟೋ ವಿಎಂಗಳಲ್ಲಿ ಸ್ವಾಪ್ ಇರುವುದೇ ಇಲ್ಲ ಅನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಈಗ ಮೆಮೊರಿ ತುಂಬಿತು ಅಂದುಕೊಳ್ಳಿ. ಕರ್ನಲ್‌ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಎದ್ದು ಬರುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಜಾಸ್ತಿ ಮೆಮೊರಿ ಹಿಡಿದಿರುವ ಪ್ರೋಸೆಸ್ ಹುಡುಕಿ ಕೊಲ್ಲುವುದು. ಆದರೆ /ಟಿಎಂಪಿಯಲ್ಲಿ ಬಿದ್ದಿರುವ 3 ಜಿಬಿಯ ಡಂಪ್ ಫೈಲು ಯಾವ ಪ್ರೋಸೆಸ್ಸಿನದು? ಯಾರದ್ದೂ ಅಲ್ಲ. ಬರೆದ ಸ್ಕ್ರಿಪ್ಟ್ ಯಾವಾಗಲೋ ಮುಗಿದು ಹೋಗಿದೆ. ಹಾಗಾಗಿ ಕಿಲ್ಲರ್ ಕಣ್ಣಿಗೆ ಆ 3 ಜಿಬಿ ಬೀಳುವುದೇ ಇಲ್ಲ. ಬೀಳುವುದು ಪಕ್ಕದಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ ಮೈಎಸ್‌ಕ್ಯೂಎಲ್ ಡೇಟಾಬೇಸು. ಅದನ್ನು ಕೊಲ್ಲುತ್ತದೆ, ಸರ್ವರಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸುತ್ತದೆ, ಡಂಪ್ ಫೈಲ್ ಅಲ್ಲೇ ಇರುತ್ತದೆ, ಮತ್ತೆ ಮೆಮೊರಿ ಸಾಲುವುದಿಲ್ಲ, ಮತ್ತೆ ಕೊಲ್ಲುತ್ತದೆ. ಕರ್ನಲ್‌ನ ಸ್ವಂತ ದಾಖಲೆಯಲ್ಲೇ ಈ ಎಚ್ಚರಿಕೆ ಇದೆ: ಟಿಎಂಪಿಎಫ್‌ಎಸ್‌ಗೆ ಮಿತಿಮೀರಿದ ಸೈಜ್ ಕೊಟ್ಟರೆ ಮಷೀನ್ ಪೂರ್ತಿ ಸಿಕ್ಕಿಹಾಕಿಕೊಳ್ಳಬಹುದು, ಯಾಕೆಂದರೆ ಓಓಎಂಗೆ ಆ ಮೆಮೊರಿಯನ್ನು ಬಿಡಿಸಲು ಬರುವುದಿಲ್ಲ. ಡಿಸ್ಕ್ ತುಂಬಿದರೆ ಬರೆಯಲು ಹೋದವನಿಗೆ ಏಟು ಬೀಳುತ್ತದೆ. ಟಿಎಂಪಿಎಫ್‌ಎಸ್ ಜಾಸ್ತಿ ತುಂಬಿದರೆ ಏಟು ತಿನ್ನುವವನು ಬೇರೆ ಯಾರೋ. ಇದೊಂದು ತಲೆಯಲ್ಲಿ ಇದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಾಗಾದರೆ ಈ ಮೆಮೊರಿ ಎಲ್ಲಿ ಕಾಣಿಸುತ್ತದೆ? ಟಾಪ್ ಕಮಾಂಡ್ ತೆರೆದು ಎಲ್ಲ ಪ್ರೋಸೆಸ್‌ಗಳ ಲೆಕ್ಕ ಕೂಡಿದರೂ ಸಿಗುವುದಿಲ್ಲ. ಫ್ರೀ ಕಮಾಂಡ್‌ನಲ್ಲಿ ಇದು "ಬಫ್/ಕ್ಯಾಶ್" ಕಾಲಮ್ಮಿನಲ್ಲಿ ಅಡಗಿರುತ್ತದೆ. ಕ್ಯಾಶ್ ತಾನೇ, ಬೇಕಾದಾಗ ಖಾಲಿ ಆಗುತ್ತದೆ ಅಂತ ನಾವು ಸುಮ್ನೆ ಇರುತ್ತೇವೆ. ಈ ಭಾಗ ಖಾಲಿ ಆಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಡ್ರಾಪ್-ಕ್ಯಾಶಸ್ ಮಂತ್ರ ಹಾಕಿದರೂ ಒಂದು ಬೈಟ್ ಅಲ್ಲಾಡುವುದಿಲ್ಲ. ನೋಡಬೇಕಾದ ಕಾಲಮ್ "ಶೇರ್ಡ್". ಅದೇ ಅಂಕಿ /ಪ್ರೋಕ್/ಮೆಮ್‌ಇನ್ಫೋದಲ್ಲಿ "ಎಸ್‌ಎಚ್‌ಮೆಮ್" ಅನ್ನುವ ಸಾಲಿನಲ್ಲಿ ಇರುತ್ತದೆ. "ಅವೈಲಬಲ್" ಕಾಲಮ್ ಮಾತ್ರ ಇದನ್ನು ಸರಿಯಾಗಿಯೇ ಕಳೆದು ತೋರಿಸುತ್ತದೆ, ಹಾಗಾಗಿ ಒಂದೇ ಅಂಕಿ ನಂಬಬೇಕು ಅಂದರೆ ಅದನ್ನು ನಂಬಿ.

ಒಂದು ಕಿವಿಮಾತು. ಎಸ್‌ಎಚ್‌ಮೆಮ್‌ನಲ್ಲಿ ಬರೀ ಫೈಲುಗಳಿರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಶೇರ್ಡ್ ಬಫರ್‌ಗಳೂ ಅದೇ ಲೆಕ್ಕಕ್ಕೆ ಬರುತ್ತವೆ. ಆ ಸಾಲಿನಲ್ಲಿ 2 ಜಿಬಿ ನೋಡಿ ಗಾಬರಿಯಾಗುವ ಮುಂಚೆ ಇದನ್ನು ಓಡಿಸಿ, ಇಲ್ಲಿ ಟಿ ಸಣ್ಣಕ್ಷರ:

ಡಿಎಫ್ -ಎಚ್ -ಟಿ ಟಿಎಂಪಿಎಫ್‌ಎಸ್

ಇಲ್ಲಿ ಬರುವ "ಯೂಸ್ಡ್" ಅಂಕಿಗಳನ್ನು ಕೂಡಿ ಎಸ್‌ಎಚ್‌ಮೆಮ್‌ನಿಂದ ಕಳೆಯಿರಿ. ಉಳಿದಿದ್ದು ಹೆಚ್ಚಾಗಿ ಡೇಟಾಬೇಸಿನಂಥ ಪ್ರೋಗ್ರಾಮುಗಳು ತಮ್ಮತಮ್ಮಲ್ಲಿ ಹಂಚಿಕೊಂಡ ಮೆಮೊರಿ.

ಅದೇ ಡಿಎಫ್ ಔಟ್‌ಪುಟ್ಟಿನಲ್ಲಿ "ಸೈಜ್" ಕಾಲಮ್ಮನ್ನೂ ಒಮ್ಮೆ ಕೂಡಿ ನೋಡಿ. ಸೈಜ್ ಹೇಳದೆ ಮೌಂಟ್ ಮಾಡಿದರೆ ಲಿನಕ್ಸ್ ರ‍್ಯಾಮ್‌ನ ಅರ್ಧವನ್ನು ಮಿತಿಯಾಗಿ ಇಟ್ಟುಕೊಳ್ಳುತ್ತದೆ. 8 ಜಿಬಿ ಮಷೀನಿನಲ್ಲಿ /ಡೆವ್/ಎಸ್‌ಎಚ್‌ಎಂಗೆ 4 ಜಿಬಿ. /ಟಿಎಂಪಿಗೆ ಇನ್ನೊಂದು 4. ಸಿಸ್ಟಮ್‌ಡಿ /ರನ್‌ಗೆ ಶೇಕಡಾ 20 ಕೊಟ್ಟಿದ್ದರೆ 1.6. ಲಾಗಿನ್ ಆದ ಪ್ರತಿಯೊಬ್ಬ ಬಳಕೆದಾರನಿಗೂ /ರನ್/ಯೂಸರ್ ಕೆಳಗೆ ಶೇಕಡಾ 10, ಅಂದರೆ ಒಬ್ಬನಿಗೆ 0.8. ಒಟ್ಟು 10.4 ಜಿಬಿ ಆಯಿತು, ಇರುವುದು 8, ಅದರಲ್ಲೇ ಪ್ರೋಗ್ರಾಮುಗಳೂ ಓಡಬೇಕು. ನಾಲ್ಕು ಜನ ಅಣ್ಣತಮ್ಮಂದಿರಿಗೆ ಒಂದೇ ಅಕೌಂಟಿನ ಚೆಕ್‌ಬುಕ್ ಕೊಟ್ಟ ಹಾಗೆ. ಎಲ್ಲರೂ ಒಟ್ಟಿಗೆ ದೊಡ್ಡ ಚೆಕ್ ಬರೆಯುವುದಿಲ್ಲ ಅನ್ನುವ ಧೈರ್ಯದ ಮೇಲೆ ನಡೆಯುತ್ತಿದೆ, ಮತ್ತು ಬಹಳಷ್ಟು ದಿನ ನಡೆಯುತ್ತದೆ ಕೂಡ.

ಹಳೆಯ ಸೋಲಾರಿಸ್‌ನಲ್ಲಿ ಇದು ಇನ್ನೂ ಒರಟಾಗಿತ್ತು. ಅಲ್ಲಿ /ಟಿಎಂಪಿಗೆ ಮಿತಿಯೇ ಇರುತ್ತಿರಲಿಲ್ಲ, ನಾವೇ ವಿಎಫ್‌ಎಸ್‌ಟ್ಯಾಬ್‌ನಲ್ಲಿ (ಅಲ್ಲಿನ ಎಫ್‌ಎಸ್‌ಟ್ಯಾಬ್) ಸೈಜ್ ಬರೆಯಬೇಕಿತ್ತು. ಬರೆಯದೆ ಬಿಟ್ಟರೆ ಯಾರೋ ಒಬ್ಬರು /ಟಿಎಂಪಿಗೆ ಟಾರ್ ಫೈಲ್ ಬಿಚ್ಚಿದ ತಪ್ಪಿಗೆ ಇಡೀ ಸಿಸ್ಟಮ್‌ನ ಸ್ವಾಪ್ ಮುಗಿದು ಹೊಸ ಪ್ರೋಸೆಸ್ಸೇ ಹುಟ್ಟದ ಸ್ಥಿತಿ ಬರುತ್ತಿತ್ತು. ಅದನ್ನು ಸರಿಮಾಡಲು ಲಾಗಿನ್ ಆಗೋಣ ಅಂದರೆ ಲಾಗಿನ್‌ಗೂ ಒಂದು ಪ್ರೋಸೆಸ್ ಬೇಕಲ್ವಾ!

ಎಷ್ಟು ಮಿತಿ ಇಡಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಸರಳ. ಎಷ್ಟು ದೊಡ್ಡ ಫೈಲ್ ಬರಬಹುದು ಅಂತ ಶುರು ಮಾಡಬೇಡಿ. ಮಷೀನಿನ ಮುಖ್ಯ ಪ್ರೋಗ್ರಾಮು ತನ್ನ ಅತಿ ಬಿಡುವಿಲ್ಲದ ಹೊತ್ತಿನಲ್ಲಿ ಎಷ್ಟು ಮೆಮೊರಿ ತಿನ್ನುತ್ತದೆ ನೋಡಿ, ಕರ್ನಲ್‌ಗೂ ಕ್ಯಾಶ್‌ಗೂ ಒಂದಿಷ್ಟು ಬಿಡಿ, ಆಮೇಲೆ ಉಳಿದಿದ್ದರಲ್ಲಿ /ಟಿಎಂಪಿ ಪೂರ್ತಿ ತುಂಬಿದರೂ ಯಾರೂ ಸಾಯಬಾರದು ಅನ್ನುವಷ್ಟು ಕೊಡಿ. ಆ ಅಂಕಿ 512 ಎಂಬಿ ಬಂದರೆ 512 ಎಂಬಿಯೇ. ಅದಕ್ಕಿಂತ ದೊಡ್ಡ ಫೈಲು ಬಂದಾಗ "ಜಾಗ ಇಲ್ಲ" ಅಂತ ಬರೆಯುವವನಿಗೆ ಎರರ್ ಬರುತ್ತದೆ. ಬರಲಿ. ತಪ್ಪು ಮಾಡಿದ ಪ್ರೋಗ್ರಾಮಿಗೇ ಎರರ್ ಬರುವುದು, ಡೇಟಾಬೇಸ್ ಸಾಯುವುದಕ್ಕಿಂತ ಎಷ್ಟೋ ಮೇಲು.

ಬದಲಾಯಿಸುವುದು ಸುಲಭ. ಓಡುತ್ತಿರುವ ಸರ್ವರಿನಲ್ಲೇ, ಏನನ್ನೂ ನಿಲ್ಲಿಸದೆ:

ಮೌಂಟ್ -ಓ ರಿಮೌಂಟ್,ಸೈಜ್=512ಎಂ /ಟಿಎಂಪಿ

ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಈಗಾಗಲೇ ಅದಕ್ಕಿಂತ ಜಾಸ್ತಿ ತುಂಬಿದ್ದರೆ ಕರ್ನಲ್ ಒಪ್ಪುವುದಿಲ್ಲ, ಅಷ್ಟೇ. ಆದರೆ ಇದು ರೀಬೂಟ್ ತನಕ ಮಾತ್ರ. ಶಾಶ್ವತ ಮಾಡಬೇಕು ಅಂದರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆಯಿರಿ, ಇಲ್ಲವೇ "ಸಿಸ್ಟಮ್‌ಸಿಟಿಎಲ್ ಎಡಿಟ್ ಟಿಎಂಪಿ.ಮೌಂಟ್" ಕೊಟ್ಟು [ಮೌಂಟ್] ಭಾಗದಲ್ಲಿ ಆಪ್ಷನ್ಸ್ ಸಾಲು ಸೇರಿಸಿ. ಇಲ್ಲಿ ಎಡವುವ ಜಾಗ ಒಂದಿದೆ: ನೀವು ಬರೆದ ಆಪ್ಷನ್ಸ್ ಸಾಲು ಹಳೆಯದಕ್ಕೆ ಕೂಡಿಕೊಳ್ಳುವುದಿಲ್ಲ, ಹಳೆಯದನ್ನು ಕಿತ್ತು ಹಾಕುತ್ತದೆ. ಬರೀ ಸೈಜ್ ಬರೆದರೆ ಮೊದಲು ಇದ್ದ ನೋಸುಯಿಡ್, ನೋಡೆವ್ ಕಾವಲು (ಅಲ್ಲಿನ ಫೈಲುಗಳ ಮೂಲಕ ಹೆಚ್ಚಿನ ಅಧಿಕಾರ ಪಡೆಯುವುದನ್ನು ತಡೆಯುವ ಆಪ್ಷನ್‌ಗಳು) ಹೋಗಿಬಿಡುತ್ತದೆ. ಮೋಡ್=1777 (ಎಲ್ಲರೂ ಬರೆಯಬಹುದು, ಇನ್ನೊಬ್ಬರ ಫೈಲು ಅಳಿಸುವ ಹಾಗಿಲ್ಲ) ಸೇರಿಸಿ ಪೂರ್ತಿ ಸಾಲು ಬರೆಯಿರಿ. ಸೈಜ್=0 ಅಂದರೆ ಮಿತಿಯೇ ಇಲ್ಲ ಅಂತ ಅರ್ಥ, ಸೊನ್ನೆ ಜಾಗ ಅಂತ ಅಲ್ಲ. ಅದನ್ನು ಯಾವ ಸರ್ವರಿನಲ್ಲೂ ಬರೆಯಬೇಡಿ.

ಇದೆಲ್ಲ ಬೇಡ, ಡಿಸ್ಕೇ ಇರಲಿ ಅನ್ನುವವರಿಗೆ "ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್" ಕೊಟ್ಟು ರೀಬೂಟ್ ಮಾಡಿದರೆ ಆಯಿತು. 1 ಜಿಬಿ, 2 ಜಿಬಿ ಮಷೀನುಗಳಿಗೆ ನಾನು ಹೇಳುವುದೂ ಅದನ್ನೇ. ಇನ್ನೊಂದು ವಿಷಯ, ಟಿಎಂಪಿಎಫ್‌ಎಸ್ ಬಂದು ಕೂತ ಮೇಲೆ ಡಿಸ್ಕ್‌ನಲ್ಲಿದ್ದ ಹಳೆಯ /ಟಿಎಂಪಿಯ ಫೈಲುಗಳು ಅಳಿದಿರುವುದಿಲ್ಲ, ಅದರ ಕೆಳಗೆ ಮುಚ್ಚಿಹೋಗಿರುತ್ತವೆ, ಡಿಸ್ಕ್ ಜಾಗ ತಿನ್ನುತ್ತಾ ಇರುತ್ತವೆ. ರೂಟನ್ನು /ಎಂಎನ್‌ಟಿಗೆ ಬೈಂಡ್ ಮೌಂಟ್ ಮಾಡಿ (ಅದೇ ಡೈರೆಕ್ಟರಿ ಇನ್ನೊಂದು ಜಾಗದಲ್ಲೂ ಕಾಣುವಂತೆ ಜೋಡಿಸಿ) ಒಳಗೆ ಇಣುಕಿದರೆ ಸಿಗುತ್ತವೆ.

ಇನ್ನು ತುಂಬುವುದು ಹೇಗೆ ಅನ್ನುವುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. 2 ಜಿಬಿ ವಿಪಿಎಸ್, ಅದರಲ್ಲಿ ಪಿಎಚ್‌ಪಿಯ ಒಂದು ಸೈಟು, ಜನ ವಿಡಿಯೊ ಅಪ್‌ಲೋಡ್ ಮಾಡುತ್ತಾರೆ. ಅಪ್‌ಲೋಡ್ ಆಗುವ ಫೈಲನ್ನು ಪಿಎಚ್‌ಪಿ ಮೊದಲು ಸಿಸ್ಟಮ್‌ನ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಇಡುತ್ತದೆ, ಬೇರೆ ಜಾಗ ಹೇಳದಿದ್ದರೆ ಅದು /ಟಿಎಂಪಿಯೇ. ಈಗ ಅಲ್ಲಿ ಮಿತಿ 1 ಜಿಬಿ. ಇಬ್ಬರು ಒಟ್ಟಿಗೆ 400 ಎಂಬಿಯ ವಿಡಿಯೊ ಹಾಕಿದರೆ ನಡೆಯುತ್ತದೆ. ಮೂರನೆಯವರು ಬಂದಾಗ ಪಿಎಚ್‌ಪಿ 7ನೇ ನಂಬರಿನ ಎರರ್ ಕೊಡುತ್ತದೆ, ಅದರ ಅರ್ಥ "ಫೈಲನ್ನು ಡಿಸ್ಕ್‌ಗೆ ಬರೆಯಲಾಗಲಿಲ್ಲ". ನೀವು ಓಡಿ ಹೋಗಿ ಡಿಸ್ಕ್ ನೋಡಿದರೆ 30 ಜಿಬಿ ಖಾಲಿ ಬಿದ್ದಿದೆ! ರಿಕ್ವೆಸ್ಟ್ ಮುಗಿದ ತಕ್ಷಣ ಪಿಎಚ್‌ಪಿ ತನ್ನ ತಾತ್ಕಾಲಿಕ ಫೈಲನ್ನು ಅಳಿಸುವುದರಿಂದ ನೀವು ನೋಡುವ ಹೊತ್ತಿಗೆ /ಟಿಎಂಪಿಯೂ ಖಾಲಿ. ಪರಿಹಾರ ಒಂದೇ ಸಾಲಿನದು, ಪಿಎಚ್‌ಪಿಯ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಡೈರೆಕ್ಟರಿಯನ್ನು ಡಿಸ್ಕ್‌ನ ಮೇಲಿನ ಒಂದು ಜಾಗಕ್ಕೆ ತಿರುಗಿಸುವುದು. ಆದರೆ ಕಾರಣ ಹೊಳೆಯುವ ತನಕ ತಲೆ ಕೆಡುತ್ತದೆ.

ದೊಡ್ಡ ತಾತ್ಕಾಲಿಕ ಫೈಲುಗಳಿಗೆ ಅಂತಲೇ /ವಾರ್/ಟಿಎಂಪಿ ಇದೆ. ಅದು ಡಿಸ್ಕ್‌ನಲ್ಲಿರುತ್ತದೆ, ರೀಬೂಟ್ ಆದರೂ ಉಳಿಯುತ್ತದೆ. ದೊಡ್ಡ ಲಾಗ್ ಫೈಲನ್ನು ಸಾರ್ಟ್ ಮಾಡುವಾಗ ಆ ಕಮಾಂಡ್ ಮೆಮೊರಿಗೆ ಹಿಡಿಯದ್ದನ್ನು /ಟಿಎಂಪಿಗೆ ಇಳಿಸುತ್ತದೆ, ಮೆಮೊರಿ ಉಳಿಸಲು ಹೋಗಿ ಮೆಮೊರಿಗೇ ಬರೆಯುವ ತಮಾಷೆ. ದೊಡ್ಡಕ್ಷರದ ಟಿ ಆಪ್ಷನ್ ಕೊಟ್ಟು /ವಾರ್/ಟಿಎಂಪಿ ತೋರಿಸಿ. ಬ್ಯಾಕಪ್ ಸ್ಕ್ರಿಪ್ಟುಗಳಲ್ಲಿ ಮೊದಲ ಸಾಲಿಗೇ ಟಿಎಂಪಿಡಿಐಆರ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿಟ್ಟರೆ ಅದನ್ನು ಗೌರವಿಸುವ ಎಲ್ಲ ಪ್ರೋಗ್ರಾಮುಗಳೂ ಅಲ್ಲಿಗೇ ಹೋಗುತ್ತವೆ.

ತುಂಬಿದೆ ಅಂತ ಡಿಎಫ್ ಹೇಳುತ್ತದೆ, ಫೈಲುಗಳ ಗಾತ್ರ ಕೂಡಿ ಹೇಳುವ ಡಿಯು ಹಾಕಿದರೆ ಫೈಲೇ ಕಾಣುವುದಿಲ್ಲ. ಇದು ಡಿಸ್ಕ್‌ನಲ್ಲೂ ಆಗುವಂಥದ್ದೇ, ಆದರೆ ಇಲ್ಲಿ ಕಳೆದುಹೋಗಿರುವುದು ರ‍್ಯಾಮ್. ಯಾರೋ ಲಾಗ್ ಫೈಲನ್ನು ಅಳಿಸಿದ್ದಾರೆ, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮು ಇನ್ನೂ ಬದುಕಿದೆ ಮತ್ತು ಬರೆಯುತ್ತಲೇ ಇದೆ. ಹೆಸರು ಹೋಗಿದೆ, ಪುಟಗಳು ಹೋಗಿಲ್ಲ. "ಎಲ್‌ಎಸ್‌ಒಎಫ್ +ಎಲ್1" (ಎಲ್ ದೊಡ್ಡಕ್ಷರ) ಹಾಕಿದರೆ ಹೆಸರಿಲ್ಲದೆ ಉಳಿದ ಇಂಥ ಫೈಲುಗಳ ಪಟ್ಟಿ, ಹಿಡಿದಿರುವ ಪ್ರೋಸೆಸ್ ನಂಬರಿನ ಸಮೇತ ಬರುತ್ತದೆ. ಆ ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಿದರೆ ಮೆಮೊರಿ ವಾಪಸ್. ಹಗಲು ಹೊತ್ತು ರೀಸ್ಟಾರ್ಟ್ ಮಾಡುವ ಹಾಗಿಲ್ಲ ಅಂದರೆ /ಪ್ರೋಕ್ ಒಳಗೆ ಆ ಪ್ರೋಸೆಸ್ಸಿನ ಎಫ್‌ಡಿ ಡೈರೆಕ್ಟರಿಗೆ ಹೋಗಿ, ಆ ಫೈಲಿನ ನಂಬರಿನ ಮೇಲೆ ಖಾಲಿ ರಿಡೈರೆಕ್ಟ್ ಕೊಟ್ಟು ಸೊನ್ನೆ ಮಾಡಬಹುದು. ಲಾಗ್ ಫೈಲಿಗೆ ಮಾತ್ರ ಈ ಉಪಾಯ, ಡೇಟಾಬೇಸ್ ಫೈಲಿನ ಹತ್ತಿರ ಹೋಗಬೇಡಿ.

ಜಾಗ ಇದ್ದೂ "ಜಾಗ ಇಲ್ಲ" ಅಂದರೆ ಐನೋಡ್ (ಪ್ರತಿ ಫೈಲಿಗೂ ಬೇಕಾದ ವಿವರದ ದಾಖಲೆ, ಇದಕ್ಕೂ ಮಿತಿ ಇರುತ್ತದೆ) ನೋಡಿ, "ಡಿಎಫ್ -ಐ". ಲಕ್ಷಗಟ್ಟಲೆ ಪುಟಾಣಿ ಸೆಷನ್ ಫೈಲುಗಳು ಬಿದ್ದಿದ್ದರೆ ಅದು ಮುಗಿದಿರುತ್ತದೆ. ಒಂದೇ ಒಂದು ಬೈಟಿನ ಫೈಲೂ 4 ಕೆಬಿಯ ಪೂರ್ತಿ ಪುಟ ತಿನ್ನುತ್ತದೆ, ಮೇಲೆ ಐನೋಡ್‌ಗೆ ಅಂತ ಕರ್ನಲ್‌ನ ಮೆಮೊರಿ ಬೇರೆ. ಆ ಐನೋಡ್ ಭಾಗ ಸ್ವಾಪ್‌ಗೂ ಹೋಗುವುದಿಲ್ಲ. ಹಾಗಾಗಿ ಐನೋಡ್ ಮಿತಿಯನ್ನು ಏರಿಸುವ ಮುಂಚೆ ಆ ಫೈಲುಗಳನ್ನು ಯಾರು ಗುಡಿಸಬೇಕಿತ್ತು ಅಂತ ಕೇಳಿಕೊಳ್ಳಿ. ಗುಡಿಸುವುದಕ್ಕೆ ಸಿಸ್ಟಮ್‌ಡಿ-ಟಿಎಂಪಿಫೈಲ್ಸ್ ಇದೆ. ಅದರ ಮೂಲ ಲೆಕ್ಕ /ಟಿಎಂಪಿಗೆ 10 ದಿನ, /ವಾರ್/ಟಿಎಂಪಿಗೆ 30 ದಿನ. ಮೆಮೊರಿಯಲ್ಲಿ ಕಸ 10 ದಿನ ಕೂರುವುದು ನನ್ನ ಪ್ರಕಾರ ಜಾಸ್ತಿಯೇ ಆಯಿತು, ಬಿಡುವಿಲ್ಲದ ಸರ್ವರಿಗೆ 1 ದಿನ ಸಾಕು.

ಕಂಟೇನರುಗಳಲ್ಲಿ (ಪ್ರೋಗ್ರಾಮನ್ನು ಬೇರೆಯಾಗಿ ಕಟ್ಟಿ ಓಡಿಸುವ ಡಬ್ಬಿಗಳು) ಕಥೆ ಸ್ವಲ್ಪ ಬೇರೆ. ಡಾಕರ್ ಪ್ರತಿ ಕಂಟೇನರಿಗೆ /ಡೆವ್/ಎಸ್‌ಎಚ್‌ಎಂ ಕೊಡುವುದು ಬರೀ 64 ಎಂಬಿ. ಅದರೊಳಗೆ ಪೋಸ್ಟ್‌ಗ್ರೆಸ್ ಓಡಿಸಿ ದೊಡ್ಡ ಕ್ವೆರಿ ಹಾಕಿದಾಗ, ಅದು ಪ್ಯಾರಲಲ್ ಆಗಿ ಓಡಲು ಹೋಗಿ, ಶೇರ್ಡ್ ಮೆಮೊರಿ ತುಂಡನ್ನು ಹಿಗ್ಗಿಸಲಾಗಲಿಲ್ಲ, ಡಿವೈಸ್‌ನಲ್ಲಿ ಜಾಗ ಇಲ್ಲ ಅಂತ ಬೀಳುತ್ತದೆ. "ಡಿವೈಸ್" ಅನ್ನುವ ಮಾತು ನೋಡಿ ಎಲ್ಲರೂ ಡೇಟಾ ವಾಲ್ಯೂಮ್ ದೊಡ್ಡದು ಮಾಡಲು ಹೊರಡುತ್ತಾರೆ. ಬೇಕಾಗಿದ್ದು ಡಾಕರ್ ರನ್‌ಗೆ ಎಸ್‌ಎಚ್‌ಎಂ-ಸೈಜ್ ಆಪ್ಷನ್. ಕಂಟೇನರ್ ಒಳಗಿನ ಕ್ರೋಮ್ ಸುಮ್ಮಸುಮ್ಮನೆ ಕ್ರ್ಯಾಶ್ ಆಗುತ್ತಿದ್ದರೆ ಅಲ್ಲೂ ಮೊದಲು ನೋಡಬೇಕಾದ್ದು ಇದನ್ನೇ. ಕಂಟೇನರುಗಳನ್ನು ಗುಂಪಾಗಿ ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಎಂಪ್ಟಿಡಿರ್ ಅನ್ನುವ ತಾತ್ಕಾಲಿಕ ಡೈರೆಕ್ಟರಿಗೆ ಮೀಡಿಯಂ ಮೆಮೊರಿ ಅಂತ ಬರೆದರೆ ಅದೂ ಟಿಎಂಪಿಎಫ್‌ಎಸ್ಸೇ, ಅಲ್ಲಿ ಬರೆದ ಪ್ರತಿ ಬೈಟೂ ಆ ಕಂಟೇನರಿನ ಮೆಮೊರಿ ಲಿಮಿಟ್ಟಿನ ಲೆಕ್ಕಕ್ಕೆ ಹೋಗುತ್ತದೆ. ಲಿಮಿಟ್ ದಾಟಿ ಕಂಟೇನರ್ ಸತ್ತರೂ ಅದನ್ನು ಹೊತ್ತಿರುವ ಪಾಡ್ ಹೋಗಿರುವುದಿಲ್ಲವಲ್ಲ, ಹಾಗಾಗಿ ಮತ್ತೆ ಎದ್ದಾಗ ಫೈಲುಗಳು ಅಲ್ಲೇ ಕಾಯುತ್ತಿರುತ್ತವೆ. ಸೈಜ್‌ಲಿಮಿಟ್ ಬರೆಯದೆ ಇದನ್ನು ಬಳಸಬೇಡಿ.

ಇಷ್ಟೆಲ್ಲ ಪಡಿಪಾಟಲು ಯಾಕೆ, ಅಷ್ಟು ವೇಗವಾ ಅಂತ ಕೇಳಬಹುದು. ಅಂದುಕೊಂಡಷ್ಟು ಇಲ್ಲ. ಸಾಮಾನ್ಯ ಡಿಸ್ಕ್ ಫೈಲಿಗೆ ಬರೆದರೂ ಅದು ಮೊದಲು ಹೋಗುವುದು ಮೆಮೊರಿಯ ಪೇಜ್ ಕ್ಯಾಶ್‌ಗೇ, ಲಿನಕ್ಸ್ ಅದನ್ನು ಸುಮಾರು 30 ಸೆಕೆಂಡ್ ಹಳೆಯದಾದ ಮೇಲಷ್ಟೇ ಡಿಸ್ಕ್‌ಗೆ ಇಳಿಸಲು ಹೊರಡುತ್ತದೆ. ಅಷ್ಟರೊಳಗೆ ಹುಟ್ಟಿ ಸಾಯುವ ಫೈಲಿನ ಒಳಗಿನ ಡೇಟಾ ಡಿಸ್ಕ್ ಮುಟ್ಟದೆಯೇ ಹೋಗಬಹುದು. ಟಿಎಂಪಿಎಫ್‌ಎಸ್‌ನ ನಿಜವಾದ ಲಾಭ ಸಿಗುವುದು ಮಾತುಮಾತಿಗೂ ಎಫ್‌ಸಿಂಕ್ (ಈಗಲೇ ಡಿಸ್ಕ್‌ಗೆ ಬರೆ ಅನ್ನುವ ಆದೇಶ) ಕರೆಯುವ ಪ್ರೋಗ್ರಾಮುಗಳಲ್ಲಿ, ಯಾಕೆಂದರೆ ಇಲ್ಲಿ ಎಫ್‌ಸಿಂಕ್ ಅಂದರೆ ಏನೂ ಇಲ್ಲ. ಟೆಸ್ಟ್‌ಗಾಗಿ ಡೇಟಾಬೇಸ್ ಎಬ್ಬಿಸಿ ಕೆಡವುವ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಎಸ್‌ಡಿ ಕಾರ್ಡಿನಿಂದ ಓಡುವ ರಾಸ್ಪ್‌ಬೆರಿ ಪೈ ಥರದ ಪುಟ್ಟ ಮಷೀನಿನಲ್ಲಿ ಕಾರ್ಡ್ ಸವೆಯುವುದೂ ತಪ್ಪುತ್ತದೆ. ನಿಮ್ಮ ಬಿಲ್ಡು ನಿಧಾನ ಅಂತ ಸೀದಾ /ಟಿಎಂಪಿಗೆ ಸಾಗಿಸುವ ಮುಂಚೆ ಮಾತ್ರ ಒಮ್ಮೆ ಅಳೆದು ನೋಡಿ.

ಭದ್ರತೆಗೆ ಅಂತ ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಮು ಓಡಿಸಲು ಬಿಡದ ಆಪ್ಷನ್) ಹಾಕುವವರಿದ್ದಾರೆ. ಹಾಕಬಹುದು, ಆದರೆ ಜಾವಾದ ಕೆಲವು ಲೈಬ್ರರಿಗಳು ತಮ್ಮ ನೇಟಿವ್ ಕೋಡನ್ನು /ಟಿಎಂಪಿಗೆ ಬಿಚ್ಚಿ ಅಲ್ಲಿಂದಲೇ ಲೋಡ್ ಮಾಡುತ್ತವೆ. ಅವು ಅರ್ಥವಾಗದ ಎರರ್ ಕೊಟ್ಟು ನಿಲ್ಲುತ್ತವೆ. ಜಾವಾಗೆ ಬೇರೆ ತಾತ್ಕಾಲಿಕ ಡೈರೆಕ್ಟರಿ ತೋರಿಸಿ ಆಮೇಲೆ ಹಾಕಿ.

ಪಾಸ್‌ವರ್ಡು, ಕೀ ಇಂಥವನ್ನು ಡಿಸ್ಕ್ ಮುಟ್ಟಬಾರದು ಅಂತ ಟಿಎಂಪಿಎಫ್‌ಎಸ್‌ನಲ್ಲಿ ಇಡುವ ರೂಢಿ ಇದೆ. ಕುಬರ್ನೆಟೀಸ್ ಸೀಕ್ರೆಟ್‌ಗಳನ್ನು ನೋಡ್‌ನ ಮೇಲೆ ಇಡುವುದೂ ಹೀಗೆಯೇ. ಆದರೆ ಮೇಲೆ ಹೇಳಿದ ಹಾಗೆ ಈ ಪುಟಗಳು ಸ್ವಾಪ್‌ಗೆ ಹೋಗುತ್ತವೆ, ಸ್ವಾಪ್ ಇರುವುದು ಡಿಸ್ಕ್‌ನಲ್ಲೇ. ಹಳೆಯ ರ‍್ಯಾಮ್‌ಎಫ್‌ಎಸ್ ಸ್ವಾಪ್‌ಗೆ ಹೋಗುವುದಿಲ್ಲ, ಆದರೆ ಅದಕ್ಕೆ ಸೈಜ್ ಮಿತಿಯೇ ಇಲ್ಲ, ಆ ಅಪಾಯ ಬೇರೆ. 2023ರಲ್ಲಿ ಬಂದ 6.4 ಕರ್ನಲ್‌ನಿಂದ ಟಿಎಂಪಿಎಫ್‌ಎಸ್‌ಗೆ ನೋಸ್ವಾಪ್ ಅನ್ನುವ ಆಪ್ಷನ್ ಸಿಕ್ಕಿದೆ. ಅದನ್ನು ಮೊದಲ ಸಲ ಮೌಂಟ್ ಮಾಡುವಾಗಲೇ ಕೊಡಬೇಕು, ಆಮೇಲೆ ರಿಮೌಂಟ್‌ನಲ್ಲಿ ಸೇರಿಸಲು ಕರ್ನಲ್ ಬಿಡುವುದಿಲ್ಲ. ಕೊಡುವಾಗ ಜೊತೆಗೆ ಸೈಜ್ ಚಿಕ್ಕದಾಗಿ ಇಡಿ, ಕೀಗಳಿಗೆ ಕೆಲವು ಎಂಬಿ ಧಾರಾಳ ಆಯಿತು.